ಮರಳಪ್ಪನ ವಾರಸುದಾರ

ಹೆಂಡತಿಯ ಬಸುರಿನ ಮೊದಲ ತಪಾಸಣೆಗೆಂದು ಆಸ್ಪತ್ರೆಗೆ ಹೋದ ನೆನಪಪ್ಪನವರು ಅವಳ ಫೈಲು, ಅವಳ ಛತ್ರಿ, ಅವಳ ನೀರಿನ ಬಾಟಲಿ, ಡಾಕ್ಟರು ಬರೆದುಕೊಟ್ಟ ಮಾತ್ರೆಗಳು, ಎಲ್ಲವನ್ನೂ ಜೋಪಾನವಾಗಿ ಮನೆಗೆ ತಂದರು. ಹೆಂಡತಿಯನ್ನು ಮಾತ್ರ ತರಲಿಲ್ಲ. ಇದು ಅವರ ಗಮನಕ್ಕೆ ಬಂದದ್ದು ಅಡುಗೆಮನೆಯಿಂದ, "ಟೀಗೆ ಸಕ್ಕರೆ ಹಾಕ್ಲಾ? ಡಾಕ್ಟ್ರು ಏನಂದ್ರು?" ಎಂದು ಕೂಗಿ ಕೂಗಿ ಕೇಳಿ, ಉತ್ತರ ಬಾರದೆ, ಇವಳಿಗೇಕೆ ನನ್ನ ಮೇಲೆ ಸಿಟ್ಟು ಎಂದು ಹೊರಗೆ ಬಂದು ನೋಡಿದಾಗ. ಅಷ್ಟು ಹೊತ್ತಿಗೆ ಸಿಟ್ಟು ಬಾಗಿಲಲ್ಲಿ ಬಂದು ನಿಂತಿತ್ತು.

"ರಕ್ತ ಕೊಡೋಕೆ ಒಳಗೆ ಹೋದೆ. ಬರೋವರೆಗೂ ಬೆಂಚಿನ ಮೇಲೆ ಕೂತಿರಿ ಅಂದೆ. ಬಂದು ನೋಡಿದ್ರೆ ಬೆಂಚಿದೆ, ನೀವಿಲ್ಲ," ಎಂದಳು ಹೆಂಡತಿ.

"ಬಸ್ಸು ಬಂತು ಕಣೇ. ಬಸ್ಸು ಬಂದ್ರೆ ಹತ್ತಬೇಕು ಅನ್ನೋದು ಅಭ್ಯಾಸ ಆಗಿಹೋಗಿದೆ. ಎಲ್ಲಾ ತಗೊಂಡ್ನಾ ಅಂತ ಒಂದ್ಸಲ ನೋಡ್ದೆ ಕೂಡ."

"ಎಲ್ಲಾ ತಗೊಂಡಿದ್ದೀರಿ," ಎಂದು ಅವಳು ಫೈಲು ಕಿತ್ತುಕೊಂಡು ಒಳಗೆ ಹೋದಳು.

ನೆನಪಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಸ್ ನಿಲ್ದಾಣದವರು ಇಟ್ಟದ್ದು. ಹೆತ್ತವರು ಇಟ್ಟ ಹೆಸರು ಅವರಿಗೆ ಸಂಬಳದ ದಿನ ಮಾತ್ರ ನೆನಪಿಗೆ ಬರುತ್ತಿತ್ತು. ನಿಲ್ದಾಣದ ಮೂಲೆಯಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರು ಇದೆ. ಅಲ್ಲಿ ಅವರ ಕೆಲಸ. ಛತ್ರಿಗಳು, ಊಟದ ಡಬ್ಬಿಗಳು, ಒಂದೇ ಕಾಲಿನ ಬೂಟು, ಗಾಜಿನ ಲೋಟದಲ್ಲಿ ಯಾರದೋ ಹಲ್ಲಿನ ಸೆಟ್ಟು, ಇವುಗಳ ನಡುವೆ ಅವರು ಕೂತಿರುತ್ತಿದ್ದರು. ಮರೆಗುಳಿಯೊಬ್ಬನನ್ನು ಊರಿನ ಮರೆವಿಗೆಲ್ಲ ಕಾವಲು ಕೂರಿಸಿದ ಸಾರಿಗೆ ಸಂಸ್ಥೆಯ ಜಾಣತನವನ್ನು ಮೆಚ್ಚಲೇಬೇಕು. ಅಷ್ಟಲ್ಲದೆ, ಸಾಮಾನು ಬಿಡಿಸಿಕೊಳ್ಳಲು ಬಂದ ಪ್ರತಿಯೊಬ್ಬರಿಗೂ ನೆನಪಪ್ಪನವರು ಪುಕ್ಕಟೆ ಉಪದೇಶ ಕೊಡುತ್ತಿದ್ದರು: "ತಮ್ಮದು ಅನ್ನೋದನ್ನ ಹೇಗ್ರೀ ಮರೀತೀರಿ? ಮನಸ್ಸು ಎಲ್ಲಿರುತ್ತೆ ನಿಮ್ದು?"

ಆಸ್ಪತ್ರೆಯ ಸುದ್ದಿ ರಕ್ತದ ವರದಿಗಿಂತ ಮೊದಲೇ ದೂರದ ಊರಿನಲ್ಲಿದ್ದ ಅತ್ತೆಯವರನ್ನು ಮುಟ್ಟಿತು. ಅವರು ಫೋನಿನಲ್ಲೇ ಮಗಳಿಗೆ ತೀರ್ಪು ಕೊಟ್ಟರು.

"ಬಸುರೀನೇ ಬಿಟ್ಟು ಬಂದ ಮಹಾನುಭಾವರು ಮಗೂನ ಬಿಟ್ಟು ಬರಲ್ವಾ? ಹೆರಿಗೆ ಆದ ಮೇಲೆ ನಿನಗೆ ಬಸ್ಸೂ ಬೇಡ ಗಿಸ್ಸೂ ಬೇಡ. ಕೂಸು ಎತ್ಕೊಂಡು ನಮ್ಮನೆಗೆ ಬಂದ್ಬಿಡು."

ಹೆಂಡತಿಗೆ ಬಸ್ಸು ಬೇಕಿತ್ತು. ಅವಳು ಬಸ್ ಡ್ರೈವರು. ಗುಡ್ಡದ ಮಾರ್ಗದ ಬೆಳಗಿನ ಮೊದಲ ಬಸ್ಸಿಗಾಗಿ ವರ್ಷಗಟ್ಟಲೆ ಕಾದಿದ್ದಳು. ಹೆರಿಗೆ ರಜೆ ಮುಗಿಸಿ ಬಂದರೆ ಅದು ನಿನಗೇ ಎಂದು ಡಿಪೋ ಮ್ಯಾನೇಜರು ಮಾತು ಕೊಟ್ಟಿದ್ದರು. ಆದರೆ ಆ ಬಸ್ಸು ಹೊರಡುವುದು ಕೋಳಿ ಕೂಗುವ ಹೊತ್ತಿಗೆ, ಶಿಶುವಿಹಾರದ ಗೇಟು ತೆಗೆಯುವುದು ಬಿಸಿಲು ಬಂದ ಮೇಲೆ. ನಡುವಿನ ಹೊತ್ತು ಮಗು ನೆನಪಪ್ಪನವರ ಕೈಯಲ್ಲಿರಬೇಕು, ಅವರೇ ಅದನ್ನು ಒಯ್ದು ಶಿಶುವಿಹಾರಕ್ಕೆ ಮುಟ್ಟಿಸಬೇಕು. ಅಂದರೆ ಗುಡ್ಡದ ಬಸ್ಸಿನ ಭವಿಷ್ಯ ಗಂಡನ ತಲೆಯ ಮೇಲೆ ನಿಂತಿತ್ತು. ಆ ತಲೆ ಎಂಥದ್ದೆಂದು ಇಡೀ ನಿಲ್ದಾಣಕ್ಕೆ ಗೊತ್ತಿತ್ತು.

ಊರಿನ ಆ ಭಾಗಕ್ಕೆಲ್ಲ ಇದ್ದದ್ದು ಒಂದೇ ಶಿಶುವಿಹಾರ. ಅದರ ಒಡತಿಗೆ ಗೇಟು ಮೇಡಂ ಎಂದೇ ಹೆಸರು. ಮಗುವನ್ನು ಒಳಗೆ ಬಿಟ್ಟುಕೊಳ್ಳುವುದೂ ಹೊರಗೆ ಕೊಡುವುದೂ ಗೇಟಿನಲ್ಲಿ ಖುದ್ದು ಅವರೇ. ಬಸುರಿನ ನಡುವಿನ ತಿಂಗಳುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೀಟು ಕೇಳಲು ಹೋದರು.

"ಮಗು ಎಲ್ಲಿ?" ಎಂದರು ಗೇಟು ಮೇಡಂ, ರೂಢಿಯಂತೆ.

ನೆನಪಪ್ಪನವರ ಮುಖ ಬಿಳುಚಿಕೊಂಡಿತು. ಬಲಗೈ ನೋಡಿಕೊಂಡರು, ಎಡಗೈ ನೋಡಿಕೊಂಡರು, ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. "ಬಸ್ಸಲ್ಲೇ ಬಿಟ್ವಾ?" ಎಂದು ಹೆಂಡತಿಯನ್ನು ಕೇಳಿದರು.

"ರೀ, ಇನ್ನೂ ಹುಟ್ಟಿಲ್ಲ ರೀ!"

ಗೇಟು ಮೇಡಂ ಪೆನ್ನು ಕೆಳಗಿಟ್ಟು ನೆನಪಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ನಗಬೇಡಿ ಮೇಡಂ," ಎಂದಳು ಹೆಂಡತಿ ನಾಚಿಕೆಯಿಂದ.

"ನನ್ನಲ್ಲಿ ಕುಲಾವಿ ಮುಂಚೇನೇ ಹೊಲಿಸ್ಬೇಕಮ್ಮ. ಹುಟ್ಟಿದ ಮೇಲೆ ಬಂದೋರಿಗೆ ಸೀಟೇ ಇರಲ್ಲ. ಆದ್ರೆ ಬೆಳಿಗ್ಗೆ ತಂದು ಬಿಡೋರು ಯಾರು? ಇವರಾ?" ಮೇಡಂ ಧ್ವನಿ ತಗ್ಗಿಸಲೂ ಇಲ್ಲ. "ಹಿಂದೆ ಒಬ್ಬ ಅಪ್ಪ ಹೀಗೇ ಇದ್ದ. ಊಟದ ಡಬ್ಬೀಗೆ ಮುತ್ತಿಟ್ಟು ನನ್ನ ಕೈಗೆ ಕೊಟ್ಟು, ಮಗೂನ ಆಫೀಸಿಗೆ ತಗೊಂಡು ಹೋದ. ಅವತ್ತಿಂದ ನಾನು ಮಗೂನ ಪರೀಕ್ಷೆ ಮಾಡಲ್ಲ, ತರೋರನ್ನ ಮಾಡ್ತೀನಿ."

ಪರೀಕ್ಷೆ ಹೀಗಿತ್ತು. ಮಗುವಿನ ತೂಕದ ಒಂದು ಗಂಟು ಮಾಡಿಕೊಳ್ಳಬೇಕು. ಬೆಳಿಗ್ಗೆ ಗೇಟಿಗೆ ತಂದು ತೋರಿಸಬೇಕು, ಸಂಜೆ ಮತ್ತೆ ತಂದು ತೋರಿಸಬೇಕು. ನಡುವೆ ಎಲ್ಲಿಗೆ ಹೋದರೂ ಗಂಟು ಜೊತೆಗಿರಬೇಕು. ಹೆರಿಗೆಯ ತನಕ ಒಂದು ಸಲವೂ ಎಲ್ಲೂ ಬಿಡದಿದ್ದರೆ ಸೀಟು. ಬಿಟ್ಟರೆ ಆ ಸೀಟು ಕಾಯುತ್ತಿರುವ ಮುಂದಿನವರಿಗೆ.

"ಅಷ್ಟೇನಾ?" ಎಂದರು ನೆನಪಪ್ಪನವರು ಎದೆಯುಬ್ಬಿಸಿ. "ಮೇಡಂ, ನನ್ನ ಕೆಲಸ ಏನು ಗೊತ್ತಾ? ಊರಿನ ಸಾಮಾನೆಲ್ಲ ಕಾಯೋದು!"

ಹೀಗೆಂದು ಅವರು ಛತ್ರಿಯನ್ನು ಅಲ್ಲೇ ಬಿಟ್ಟು ಹೊರಟರು.

ಹೆಂಡತಿ ಹಳೆಯ ದಿಂಬಿನ ಚೀಲಕ್ಕೆ ಮರಳು ತುಂಬಿ ಹೊಲಿದಳು. ಹಳದಿ ಕಂಬಳಿ ಸುತ್ತಿದಳು. ಗಾದೆಗೆ ಏಕೆ ಮೋಸ ಮಾಡಬೇಕೆಂದು ತಲೆಗೊಂದು ಕೆಂಪು ಕುಲಾವಿಯನ್ನೂ ಹೊಲಿದು ತೊಡಿಸಿದಳು. ಅದಕ್ಕೆ ಮರಳಪ್ಪ ಎಂದು ಹೆಸರಾಯಿತು. ನೆನಪಪ್ಪನವರು ಮರಳಪ್ಪನನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ ಮೊದಲ ದಿನವೇ ಕೆಳಮನೆಯ ಅಜ್ಜಿ ಅಡ್ಡ ಬಂದರು.

"ಯಾವಾಗಪ್ಪಾ ಹೆರಿಗೆ ಆಯ್ತು? ನಮಗೊಂದು ಮಾತು ಹೇಳ್ಲಿಲ್ಲ!"

"ಇನ್ನೂ ಆಗಿಲ್ಲ ಅಜ್ಜಿ."

"ಹಾಗಾದ್ರೆ ಇದು ಯಾರು?"

"ಇದು ಅಭ್ಯಾಸಕ್ಕೆ," ಎಂದು ನೆನಪಪ್ಪನವರು ಬಸ್ಸಿಗೆ ಓಡಿದರು.

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿಯಾಯಿತು. ಮೇಲಿನ ಮನೆಯವರು ಹುಟ್ಟೋ ಮಗು ಬೇರೆ, ಅಭ್ಯಾಸಕ್ಕೆ ಅಂತ ಇನ್ನೊಂದು ಮಗು ತಂದಿದ್ದಾರಂತೆ. ಕೆಲವರು ಕಲಿಗಾಲ ಎಂದು ಹಣೆ ಚಚ್ಚಿಕೊಂಡರು. ಎದುರು ಮನೆಯ ಹೊಸ ಸೊಸೆ ಮಾತ್ರ ಗುಟ್ಟಾಗಿ ಬಂದು, ಅಂಥದ್ದು ಎಲ್ಲಿ ಸಿಗುತ್ತದೆ, ವಾಪಸು ತಗೋತಾರಾ ಎಂದು ವಿಚಾರಿಸಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ನೆನಪಪ್ಪನವರ ಕೀರ್ತಿ ಮೊದಲ ದಿನವೇ ಹರಡಿತ್ತು. ತಪಾಸಣೆಗೆ ಹೋದಾಗಲೆಲ್ಲ ದಪ್ಪ ಕನ್ನಡಕದ ನರ್ಸಮ್ಮ ನಮಸ್ಕಾರದ ಬದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಂದ್ರಾ? ಹೆಂಡತಿ ಎಲ್ಲಿ?"

"ಇಲ್ಲೇ ಇದ್ದಾಳೆ ಸಿಸ್ಟರ್," ಎಂದು ನೆನಪಪ್ಪನವರು ಪಕ್ಕಕ್ಕೆ ಸರಿದು ತೋರಿಸುತ್ತಿದ್ದರು, ಸುಂಕದವರಿಗೆ ಸಾಮಾನು ತೋರಿಸಿದಂತೆ.

ಒಳಗೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಮಗು ಚೆನ್ನಾಗಿ ಬೆಳೀತಾ ಇದೆ ಎಂದರೆ ಸಾಕು, ನೆನಪಪ್ಪನವರು ತೂಕ ಎಷ್ಟು ಎಂದು ಕೇಳುತ್ತಿದ್ದರು.

"ಅಂದಾಜು ಹೇಳಬಹುದು ಅಷ್ಟೇ. ಯಾಕೆ, ಏನಾದ್ರೂ ಗಾಬರಿನಾ?"

"ಗಾಬರಿ ಏನಿಲ್ಲ ಡಾಕ್ಟ್ರೇ, ಮರಳು ಹಾಕ್ಬೇಕು."

ಡಾಕ್ಟರಮ್ಮ ಹೆಂಡತಿಯ ಕಡೆ ನೋಡಿದರು. ಹೆಂಡತಿ ಚಾವಣಿಯ ಫ್ಯಾನಿನ ಕಡೆ ನೋಡಿದಳು. ಹೊಟ್ಟೆಯೊಳಗಿನ ಕೂಸು ಬೆಳೆದಂತೆಲ್ಲ ಮರಳಪ್ಪನೂ ಬೆಳೆದ. ನರ್ಸಮ್ಮ ಬಸುರಿಯನ್ನು ತೂಗಿದ ಮೇಲೆ ಅವನನ್ನೂ ತೂಗಿ, "ನಿಮ್ಮ ದೊಡ್ಡ ಮಗನಿಗೆ ಸ್ವಲ್ಪ ಮಣ್ಣಿನ ಅಂಶ ಜಾಸ್ತಿ," ಎಂದು ನಗುತ್ತಿದ್ದರು.

ಆಶ್ಚರ್ಯವೆಂದರೆ ನೆನಪಪ್ಪನವರು ಮರಳಪ್ಪನನ್ನು ಎಲ್ಲೂ ಬಿಡಲಿಲ್ಲ. ಕನ್ನಡಕ ಬಿಟ್ಟರು, ಕರವಸ್ತ್ರ ಬಿಟ್ಟರು, ತಮ್ಮ ಊಟದ ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟು, ಅದು ತಮ್ಮದೇ ಕೌಂಟರಿಗೆ ಬಂದಾಗ, ಯಾವ ಪುಣ್ಯಾತ್ಮನದೋ ಎಂದು ಚೀಟಿ ಅಂಟಿಸಿ ಮೇಲಿಟ್ಟರು. ಆದರೆ ಮರಳಪ್ಪ ಬೆಳಿಗ್ಗೆ ಗೇಟಿನಲ್ಲಿ ಹಾಜರು, ನಡುವೆ ನಿಲ್ದಾಣದವರು ಕಂಡು ನಗದಂತೆ ಕೌಂಟರಿನ ಕೆಳಗಿನ ಚೀಲದಲ್ಲಿ ಹಾಜರು, ಸಂಜೆ ಗೇಟಿನಲ್ಲಿ ಹಾಜರು. ಗೇಟು ಮೇಡಂ ತಲೆಯಾಡಿಸುತ್ತಿದ್ದರು. ಹೆಂಡತಿ ಮಲಗುವ ಮುಂಚೆ ಗುಡ್ಡದ ರಸ್ತೆಯ ತಿರುವುಗಳನ್ನು ಕೈಯಲ್ಲೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಹೀಗೆ ದಿನ ತುಂಬುತ್ತ ಬಂತು. ಅತ್ತೆಯವರು ಹೆರಿಗೆಗೆ ಬರುವ ದಿನ ಗೊತ್ತಾಯಿತು. ಅದೇ ದಿನ ತಪಾಸಣೆಯೂ ಇತ್ತು. ಹೆಂಡತಿ ನೇರ ಆಸ್ಪತ್ರೆಗೆ ಹೋಗುವುದು, ನೆನಪಪ್ಪನವರು ನಿಲ್ದಾಣದಲ್ಲಿ ಅತ್ತೆಯವರನ್ನು ಇಳಿಸಿಕೊಂಡು ಅಲ್ಲಿಗೆ ಬರುವುದು ಎಂದು ತೀರ್ಮಾನವಾಗಿತ್ತು.

"ಅಮ್ಮನ್ನ ಮರೀಬೇಡಿ," ಎಂದಳು ಹೆಂಡತಿ.

"ನಿಮ್ಮಮ್ಮನ್ನ ಮರೆಯೋದುಂಟಾ?" ಎಂದರು ನೆನಪಪ್ಪನವರು. ಇಡೀ ಬೆಳಿಗ್ಗೆ ಅವರು ಕೌಂಟರಿನಲ್ಲಿ ಕೂತು, ಅತ್ತೆ, ಅತ್ತೆ, ಅತ್ತೆ ಎಂದು ಜಪಿಸಿದರು. ಮನುಷ್ಯನ ತಲೆಯಲ್ಲಿ ಜಾಗ ಇರುವುದೇ ಇಷ್ಟು. ಅತ್ತೆಯಂಥವರು ಒಳಗೆ ಬಂದು ಕೂತರೆ ಬೇರೆಯವರು ಎದ್ದು ಹೋಗಬೇಕಾಗುತ್ತದೆ. ಟೀ ಕುಡಿಯಲು ನೆನಪಪ್ಪನವರು ಕ್ಯಾಂಟೀನಿಗೆ ಎದ್ದಾಗ, ಜೊತೆಗೆ ಒಯ್ಯಲು ಚೀಲದಿಂದ ತೆಗೆದಿಟ್ಟ ಮರಳಪ್ಪ ಕೌಂಟರಿನ ಮೇಲೆಯೇ ಉಳಿದ.

ಮೊದಲು ನೋಡಿದ್ದು ಛತ್ರಿ ಕೇಳಲು ಬಂದ ಒಬ್ಬ ಹೆಂಗಸು. "ಅಯ್ಯಯ್ಯೋ! ಯಾರೋ ಕೂಸು ಬಿಟ್ಟು ಹೋಗಿದ್ದಾರೆ!" ಎಂದು ಆಕೆ ಕೂಗಿದ ರಭಸಕ್ಕೆ ಹೊರಟ ಬಸ್ಸುಗಳು ನಿಂತವು. ಮೈಕಿನವನು ನಿಯಮದ ಪುಸ್ತಕ ಬಿಟ್ಟು ಮಾತಾಡುವವನಲ್ಲ. ಅವನು ಘೋಷಿಸಿದ: "ಗಮನಿಸಿ. ಹಳದಿ ಕಂಬಳಿ, ಕೆಂಪು ಟೋಪಿಯ ಒಂದು ಮಗು ಸಿಕ್ಕಿದೆ. ಕಳೆದುಕೊಂಡವರು ಗುರುತು ಹೇಳಿ, ಸಹಿ ಹಾಕಿ ಪಡೆದುಕೊಳ್ಳತಕ್ಕದ್ದು. ತಪ್ಪಿದಲ್ಲಿ ನಿಯಮದ ಪ್ರಕಾರ ಹರಾಜು ಹಾಕಲಾಗುವುದು."

ಹರಾಜು ಎಂಬ ಮಾತು ಕೇಳಿ ನಿಲ್ದಾಣವೇ ಕೌಂಟರಿಗೆ ನುಗ್ಗಿತು. ಇನ್ಸ್‌ಪೆಕ್ಟರ್ ಸಾಹೇಬರು ಜೀಪಿನಲ್ಲಿ ಬಂದರು. ಯಾರೋ ಕಂಬಳಿ ಸರಿಸಲು ಹೋದಾಗ ಲಾಠಿ ಅಡ್ಡ ಹಿಡಿದರು. "ಮುಟ್ಬೇಡಿ! ಪಂಚನಾಮೆ ಆಗೋವರೆಗೂ ಒಂದು ದಾರವೂ ಬಿಚ್ಚೋ ಹಾಗಿಲ್ಲ!"

ಆ ಹೊತ್ತಿಗೆ ನೆನಪಪ್ಪನವರು ಕ್ಯಾಂಟೀನಿನಿಂದ ಬಂದರು. ಕನ್ನಡಕವನ್ನು ಟೀ ಲೋಟದ ಪಕ್ಕ ಬಿಟ್ಟು ಬಂದಿದ್ದರಿಂದ ಅವರಿಗೆ ಕಂಡದ್ದು ಜನ, ಜನದಾಚೆ ಏನೋ ಹಳದಿ. ಏನಾಯಿತೆಂದು ಕೇಳಿದರು. ಯಾರೋ ಪಾಪಿ ಕೂಸನ್ನು ಬಿಟ್ಟು ಹೋಗಿದ್ದಾನೆಂದು ತಿಳಿಯಿತು. ನೆನಪಪ್ಪನವರ ರಕ್ತ ಕುದಿಯಿತು. ಛತ್ರಿ ಬಿಟ್ಟವರನ್ನೇ ಬಿಡದ ಮನುಷ್ಯ, ಮಗು ಬಿಟ್ಟವನನ್ನು ಬಿಡುತ್ತಾರೆಯೇ? ಪಕ್ಕದಲ್ಲಿದ್ದ ಯಾರದೋ ಟ್ರಂಕಿನ ಮೇಲೆ ಹತ್ತಿ ನಿಂತರು.

"ಸ್ವಾಮಿ, ಇಷ್ಟು ವರ್ಷದಿಂದ ಈ ಕೌಂಟರಲ್ಲಿ ಕೂತಿದ್ದೀನಿ. ಬೂಟು ಬಿಟ್ಟೋರನ್ನ ನೋಡಿದ್ದೀನಿ, ಹಲ್ಲು ಬಿಟ್ಟೋರನ್ನ ನೋಡಿದ್ದೀನಿ. ಹೆತ್ತ ಕೂಸು ಬಿಟ್ಟು ಹೋಗೋ ಅಪ್ಪನ್ನ ನೋಡಿರ್ಲಿಲ್ಲ! ಎಂಥಾ ಮನುಷ್ಯ ಇರ್ಬೇಕು ಇವನು! ಎಲ್ಲೋ ಕೂತು ಆರಾಮಾಗಿ ಟೀ ಕುಡೀತಿರ್ಬೇಕು! ಸಿಗಲಿ ನನ್ನ ಕೈಗೆ, ಇನ್ಸ್‌ಪೆಕ್ಟರ್ ಸಾರ್ ಬಿಟ್ರೂ ನಾನು ಬಿಡಲ್ಲ!"

ಜನ ಚಪ್ಪಾಳೆ ತಟ್ಟಿದರು. ಗುಂಪಿನ ಅಂಚಿನಲ್ಲಿ ಚೀಲ ಹಿಡಿದು ನಿಂತಿದ್ದ ಒಬ್ಬ ಹಿರಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಷ್ಟೇ ಬಸ್ಸಿಳಿದ ಅತ್ತೆಯವರೇ ಅವರು. "ಅವರು ನಮ್ಮ ಅಳಿಯಂದಿರು," ಎಂದು ಪಕ್ಕದವರಿಗೆ ಹೇಳಿದರು. "ನಾನೇ ತಪ್ಪು ತಿಳ್ಕೊಂಡಿದ್ದೆ. ಚಿನ್ನದಂಥ ಮನುಷ್ಯ."

ಅದೇ ವೇಳೆಗೆ ಕ್ಯಾಂಟೀನಿನ ಮಾಲೀಕ ಬಂದು, "ನಿಮ್ಮ ಕನ್ನಡಕ ನೆನಪಪ್ಪನೋರೇ," ಎಂದು ಕೈಗೆ ಕೊಟ್ಟ. ನೆನಪಪ್ಪನವರು ಅದನ್ನು ಮೂಗಿಗೇರಿಸಿದರು. ಹಳದಿ ಕಂಬಳಿ ಸ್ಪಷ್ಟವಾಯಿತು. ಕೆಂಪು ಕುಲಾವಿ ಅದಕ್ಕಿಂತ ಸ್ಪಷ್ಟವಾಯಿತು. ಅವರು ಟ್ರಂಕಿನಿಂದ ಇಳಿದದ್ದನ್ನು ಕೆಲವರು ವಿನಯ ಎಂದುಕೊಂಡರು.

"ಸಾರ್, ಅದು..." ಎಂದು ಬಾಯಿ ತೆರೆದರು.

"ಗೊತ್ತು, ಗೊತ್ತು. ನಿಮ್ಮ ಹೃದಯ ದೊಡ್ಡದು," ಎಂದು ಇನ್ಸ್‌ಪೆಕ್ಟರು ಬೆನ್ನು ತಟ್ಟಿದರು.

"ಅತ್ತೆ, ಅದೂ..."

"ಏನೂ ಹೇಳ್ಬೇಡಿ ಅಳಿಯಂದಿರೇ. ನನ್ನ ಮಗಳು ಪುಣ್ಯ ಮಾಡಿದ್ಲು!"

ನೆನಪಪ್ಪನವರು ಬಾಯಿ ಮುಚ್ಚಿದರು. ಈಗ ನಿಜ ಹೇಳಿದರೆ ಸೀಟು ಹೋಯಿತು, ಸೀಟು ಹೋದರೆ ಗುಡ್ಡದ ಬಸ್ಸು ಹೋಯಿತು, ಬಸ್ಸು ಹೋದರೆ ಹೆಂಡತಿ ಮಗು ಇಬ್ಬರೂ ಅತ್ತೆಯ ಊರಿಗೆ. ಹೇಳದಿದ್ದರೆ? ಅಷ್ಟರಲ್ಲಿ ಛತ್ರಿಯ ಹೆಂಗಸು ಮತ್ತೆ ಕಿರುಚಿದಳು. "ಮಗು ಅಲ್ಲಾಡ್ತಾನೇ ಇಲ್ಲ!"

ಇನ್ಸ್‌ಪೆಕ್ಟರು ಪಂಚನಾಮೆ ಮರೆತು ಮರಳಪ್ಪನನ್ನು ಬಾಚಿ ಎದೆಗಪ್ಪಿ ಜೀಪಿಗೆ ಓಡಿದರು. ನೆನಪಪ್ಪನವರನ್ನೂ ಅತ್ತೆಯವರನ್ನೂ ಸಾಕ್ಷಿಗಳೆಂದು ಹತ್ತಿಸಿಕೊಂಡರು. ಹಿಂದೆ ಜನ ತುಂಬಿದ ಒಂದು ಬಸ್ಸೂ ಹೊರಟಿತು. ದಾರಿಯಲ್ಲಿ ಸಾಹೇಬರು ಒಂದು ಕೈಯಲ್ಲಿ ಫೋನು ಹಿಡಿದು ಶಿಶುವಿಹಾರಕ್ಕೆ ಮಾತಾಡಿದರು. "ಮೇಡಂ, ಅನಾಥ ಕೂಸೊಂದು ಸಿಕ್ಕಿದೆ, ಆಸ್ಪತ್ರೆಗೆ ಬನ್ನಿ, ಒಂದೆರಡು ದಿನ ನೀವೇ ನೋಡ್ಕೋಬೇಕು." ಇನ್ನೊಂದು ಕೈಯಲ್ಲಿ ಮರಳಪ್ಪನನ್ನು ತಟ್ಟುತ್ತ ಸಣ್ಣ ದನಿಯಲ್ಲಿ ಲಾಲಿ ಹಾಡಿದರು. ಕಳ್ಳರು ಹೆಸರು ಕೇಳಿದರೆ ನಡುಗುವ ಸಾಹೇಬರ ಕಂಠ ಅಷ್ಟು ಇಂಪಾಗಿದೆಯೆಂದು ಜೀಪಿನ ಡ್ರೈವರಿಗೂ ಗೊತ್ತಿರಲಿಲ್ಲ. ನೆನಪಪ್ಪನವರು ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದರು.

ಆಸ್ಪತ್ರೆಯ ಪಡಸಾಲೆಗೆ ಎಲ್ಲರೂ ಒಟ್ಟಿಗೆ ನುಗ್ಗಿದರು. ಗೇಟು ಮೇಡಂ ಆಗಲೇ ಬಂದು ನಿಂತಿದ್ದರು. "ಸಿಸ್ಟರ್! ತುರ್ತು! ಕೂಸು ಉಸಿರಾಡ್ತಿಲ್ಲ!" ಎಂದು ಇನ್ಸ್‌ಪೆಕ್ಟರು ಗುಡುಗಿದರು. ಒಳಗೆ ಒಬ್ಬ ಬಸುರಿಯ ಹೊಟ್ಟೆಗೆ ಎದೆಬಡಿತ ಕೇಳುವ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ, "ಹೀಗೇ ಮಲಗಿರಿ, ಬಂದೆ," ಎಂದು ಹೊರಗೆ ಓಡಿ ಬಂದರು. ಬಂದು ಹಳದಿ ಕಂಬಳಿಯನ್ನು ನೋಡಿ ನಿಂತರು.

"ಅಯ್ಯೋ ಮರಳಪ್ಪಾ! ಪೊಲೀಸ್ ಜೊತೆ ಯಾಕೋ ಬಂದೆ?"

ನರ್ಸಮ್ಮ ಕುಲಾವಿ ಎಳೆದರು, ಅದರಡಿಯ ಹೊಲಿಗೆ ಬಿಚ್ಚಿತು. ಸಾಹೇಬರ ಸಮವಸ್ತ್ರದ ಮೇಲೆ ಸಣ್ಣಗೆ ಮರಳು ಸುರಿಯಿತು.

"ಇದು... ಮರಳಾ?" ಎಂದರು ಇನ್ಸ್‌ಪೆಕ್ಟರು. "ನಾನು ಇದಕ್ಕೆ ಲಾಲಿ ಹಾಡಿದ್ನಾ?"

"ಇದು ನನಗೆ ಗೊತ್ತು," ಎಂದರು ಗೇಟು ಮೇಡಂ. "ದಿನಾ ನನ್ನ ಗೇಟಿಗೆ ಬರುತ್ತೆ. ತರೋರು ಅಲ್ಲಿ ಗೋಡೆಗೆ ಅಂಟ್ಕೊಂಡು ನಿಂತಿದ್ದಾರೆ."

ಎಲ್ಲರ ಕಣ್ಣೂ ಗೋಡೆಯತ್ತ ತಿರುಗಿದವು. ಆಮೇಲೆ ಆದ ಗದ್ದಲವನ್ನು ವಿವರಿಸಲು ಆಗದು. ಸುಳ್ಳು ಕೂಸು ತೋರಿಸಿ ಇಲಾಖೆಯ ಸಮಯ ಹಾಳು ಮಾಡಿದ್ದಕ್ಕೆ ಯಾವ ಕಲಮು ಹಾಕಬೇಕೆಂದು ಇನ್ಸ್‌ಪೆಕ್ಟರು ಕೂಗಿದರು. ಕಲಮು ಆಮೇಲೆ, ಸೀಟು ಈಗಲೇ ರದ್ದು ಎಂದು ಗೇಟು ಮೇಡಂ ಕೂಗಿದರು. ಬಸ್ಸಿನಲ್ಲಿ ಬಂದ ಜನ, "ಟ್ರಂಕಿನ ಮೇಲೆ ನಿಂತು ನಮಗೇ ಬುದ್ಧಿ ಹೇಳಿದ್ರಲ್ರೀ!" ಎಂದು ಮುತ್ತಿದರು. ಎಲ್ಲಕ್ಕಿಂತ ಮೇಲೆ ಅತ್ತೆಯವರ ದನಿ ಇತ್ತು.

"ಕೂಸು ಬಿಟ್ಟ ಅಪ್ಪ ಟೀ ಕುಡೀತಿರ್ಬೇಕು ಅಂದ್ರಲ್ಲ, ನೀವೇ ಕುಡೀತಿದ್ರಲ್ಲ! ನಾಳೇನೇ ಮಗಳನ್ನ ಕರ್ಕೊಂಡು ಹೊರಟೆ! ಮರಳಿಗೇ ಗತಿ ಇಲ್ಲ, ಮೊಮ್ಮಗೂಗೆ ಗತಿ ಇದ್ಯಾ?"

ನೆನಪಪ್ಪನವರು ಮರಳಪ್ಪನ ಕಡೆ ನೋಡಲಿಲ್ಲ, ಅತ್ತೆಯ ಕಡೆಯೂ ನೋಡಲಿಲ್ಲ. ಅವರ ಕಣ್ಣು ಬೆಂಚಿನ ಮೇಲಿತ್ತು. ಅದೇ ಬೆಂಚು. ಅದರ ಮೇಲೆ ಒಂದು ಫೈಲು, ಒಂದು ಛತ್ರಿ, ಒಂದು ನೀರಿನ ಬಾಟಲಿ ಇದ್ದವು. ಎಲ್ಲ ಇತ್ತು.

"ಸಿಸ್ಟರ್," ಎಂದರು ಅವರು. ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ನೆನಪಪ್ಪನವರು ಜೀವಮಾನದಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಿದರು. "ಎಲ್ಲಾ ಸುಮ್ನಿರ್ರೀ! ಸಿಸ್ಟರ್, ನನ್ನ ಹೆಂಡತಿ ಎಲ್ಲಿ?"

ನರ್ಸಮ್ಮ ಹಣೆಗೆ ಕೈ ಹೊಡೆದುಕೊಂಡು ಬಿಚ್ಚಿದ ಕುಲಾವಿಯನ್ನು ಅಲ್ಲೇ ಎಸೆದು ಓಡಿದರು. ಅವರಿಗಿಂತ ಮುಂದೆ ನೆನಪಪ್ಪನವರು ಓಡಿದರು. ಗದ್ದಲದಲ್ಲಿ ಯಾರಿಗೂ ಕೇಳದೆ, ಕೋಣೆಯೊಳಗೆ ಹೆಂಡತಿ ಪಟ್ಟಿ ಬಿಗಿಸಿಕೊಂಡು, ಮಂಚದ ಕಂಬಿ ಹಿಡಿದು, ಬೆವರಿ ತೊಪ್ಪೆಯಾಗಿದ್ದಳು. ಗರ್ಭದ ನೀರು ಒಡೆದಿತ್ತು.

"ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು ರೀ. ಯಾರೂ ಬರ್ಲಿಲ್ಲ. ಹೊರಗೆ ಯಾರದೋ ಮಗು ಬಗ್ಗೆ ಜಗಳ."

"ಯಾರದೋ ಅಲ್ಲ, ನಮ್ದೇ. ಮರಳಪ್ಪನ್ನ ಬಿಟ್ಟೆ ಕಣೇ," ಎಂದರು ನೆನಪಪ್ಪನವರು, ಅವಳ ಕೈ ಹಿಡಿದು. ಅವರ ಕಣ್ಣಲ್ಲಿ ನೀರಿತ್ತು. "ಸೀಟು ಹೋಯ್ತು. ನಿನ್ನ ಬಸ್ಸು ಹೋಯ್ತು. ಎಲ್ಲಾ ನನ್ನಿಂದ."

ಹೆಂಡತಿ ನೋವಿನ ನಡುವೆಯೇ ಅವರನ್ನು ನೋಡಿದಳು. "ನನ್ನ ಬಿಟ್ರಾ?"

"ಇಲ್ಲ."

"ಹಾಗಾದ್ರೆ ಸುಮ್ನೆ ಕೈ ಹಿಡ್ಕೊಳ್ಳಿ. ಗಟ್ಟಿಯಾಗಿ."

ನೆನಪಪ್ಪನವರು ಹಿಡಿದ ಕೈ ಬಿಡಲಿಲ್ಲ. ಬಿಡಿ ಎಂದು ಡಾಕ್ಟರಮ್ಮ ಹೇಳಿದಾಗಲೂ ಬಿಡಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿ, ಇಡೀ ಪಡಸಾಲೆಗೆ ಕೇಳುವಂತೆ ಅತ್ತಿತು. ಹೊರಗೆ ಕಾದಿದ್ದ ಜನ ಇದಾದರೂ ನಿಜವಾದ ಮಗುವೇ ಎಂದು ಖಚಿತಪಡಿಸಿಕೊಂಡು ಬಸ್ಸು ಹತ್ತಿದರು. ಇನ್ಸ್‌ಪೆಕ್ಟರ್ ಸಾಹೇಬರು ಯಾವ ಕಲಮನ್ನೂ ಹಾಕಲಿಲ್ಲ. ಲಾಲಿಯ ವಿಷಯ ಹೊರಗೆ ಬಾಯಿ ಬಿಡಬಾರದೆಂದು ಮಾತ್ರ ಎಲ್ಲರಿಂದ ಮಾತು ತೆಗೆದುಕೊಂಡರು.

ಗೇಟು ಮೇಡಂ ಕೂಸನ್ನು ನ್ಯಾಯಾಧೀಶರಂತೆ ನೋಡಿದರು. ಆಮೇಲೆ ನೆನಪಪ್ಪನವರನ್ನು ನೋಡಿದರು.

"ನಿಯಮ ಅಂದ್ರೆ ನಿಯಮ. ಗಂಟು ಬಿಟ್ಟಿದ್ದೀರಿ," ಎಂದರು. "ಆದ್ರೆ ನಾವೆಲ್ಲ ಬುದ್ಧಿವಂತರು ಸೇರಿ ಮರಳಿನ ಮೂಟೆ ಸುತ್ತ ನಿಂತಿದ್ವಿ. ಬಸುರಿ ನೆನಪಾಗಿದ್ದು ನಿಮಗೊಬ್ಬರಿಗೆ. ಸೀಟು ಇಟ್ಟಿರ್ತೀನಿ. ಮೊದಲ್ನೇ ದಿನ ನೋಡ್ತೀನಿ, ಅದೇ ಕೊನೇ ಪರೀಕ್ಷೆ."

ಅತ್ತೆಯವರು ಮೊಮ್ಮಗಳನ್ನು ಎತ್ತಿಕೊಂಡಿದ್ದರೂ ಸೋಲೊಪ್ಪಲಿಲ್ಲ. "ಆಗಲಿ. ನಾನೂ ಅಲ್ಲೀವರೆಗೂ ಇಲ್ಲೇ ಇರ್ತೀನಿ. ಮೊದಲ್ನೇ ದಿನ ಇವಳನ್ನ ಎಲ್ಲಾದ್ರೂ ಬಿಟ್ರೋ, ಅವತ್ತೇ ತಾಯಿ ಮಗು ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ."

ರಜೆ ಮುಗಿಯಿತು, ಆ ದಿನ ಬಂದೇ ಬಂತು. ಕತ್ತಲಿರುವಾಗಲೇ ಹೆಂಡತಿ ಸಮವಸ್ತ್ರ ತೊಟ್ಟು, ಮಗುವಿಗೆ ಹಾಲು ಕುಡಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೊರಟಳು. ನೆನಪಪ್ಪನವರು ಒಬ್ಬರೇ ಉಳಿದರು. ಅತ್ತೆಯವರು ಮಲಗಿದ್ದಾರೆಂದು ಅವರು ತಿಳಿದಿದ್ದರು. ಅತ್ತೆಯವರು ಮಲಗಿರಲಿಲ್ಲ.

ಬಿಸಿಲು ಮೂಡುತ್ತಲೇ ನೆನಪಪ್ಪನವರು ಮಗುವನ್ನು ಎತ್ತಿಕೊಂಡು, ಹಾಲಿನ ಬಾಟಲಿ, ಬಟ್ಟೆ, ಕಂಬಳಿ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಚೀಲಕ್ಕೆ ಹಾಕಿ ಹೊರಟರು. ಹಿಂದೆಯೇ ಮರೆಯಲ್ಲಿ ಅತ್ತೆಯವರೂ ಹೊರಟರು. ಅಳಿಯ ಎಲ್ಲಿ ಬಿಡುತ್ತಾನೋ ಅಲ್ಲಿ ಎತ್ತಿಕೊಳ್ಳಬೇಕೆಂಬುದು ಅವರ ಲೆಕ್ಕ. ನೆನಪಪ್ಪನವರು ಹಾಲಿನಂಗಡಿ ದಾಟಿದರು, ಮಗು ಕೈಯಲ್ಲೇ ಇತ್ತು. ಬಸ್ಸು ಹತ್ತಿದರು, ಇಳಿದರು, ಮಗು ಇತ್ತು. ದಾರಿಯಲ್ಲಿ ಎದುರಾದವರೆಲ್ಲ ಅವರನ್ನು ನೋಡಿ ನಗುತ್ತಿದ್ದರು. ಅಪ್ಪನಾದ ಮೇಲೆ ಊರಿಗೆ ತಮ್ಮ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡು ನೆನಪಪ್ಪನವರೂ ನಕ್ಕರು.

ಗೇಟು ಮೇಡಂ ಗೇಟಿನಲ್ಲಿ ಕಾದಿದ್ದರು. ನೆನಪಪ್ಪನವರು ಮಗುವನ್ನು ಅವರ ಕೈಗಿತ್ತರು. ಬಾಟಲಿ ಕೊಟ್ಟರು, ಬಟ್ಟೆ ಕೊಟ್ಟರು, ಕಂಬಳಿ ಕೊಟ್ಟರು. ಕೊನೆಗೆ ಜೇಬಿನಿಂದ ಕೆಂಪು ಕುಲಾವಿ ತೆಗೆದು ಮಗಳ ತಲೆಗೆ ತೊಡಿಸಿದರು.

"ಎಲ್ಲಾ ಇದ್ಯಾ ಮೇಡಂ?"

"ಮಗು ಸರಿಯಾಗಿದೆ. ಸಾಮಾನೂ ಸರಿಯಾಗಿದೆ. ಪಾಸಾದ್ರಿ," ಎಂದರು ಗೇಟು ಮೇಡಂ, ಎಂದೂ ನಗದವರು ತುಟಿ ಕಚ್ಚಿ ನಗು ಹಿಡಿದುಕೊಂಡು. "ಅಪ್ಪನ್ನ ಮಾತ್ರ ಅರ್ಧ ಮನೇಲೇ ಬಿಟ್ಟು ಬಂದಿದ್ದೀರಿ."

ನೆನಪಪ್ಪನವರು ಕೆಳಗೆ ನೋಡಿಕೊಂಡರು. ಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರದ ಶರ್ಟು, ಎದೆಯ ಮೇಲೆ ಹೊಳೆಯುವ ಬಿಲ್ಲೆ. ಕೆಳಗೆ ಪಟ್ಟಾಪಟ್ಟಿ ಚಡ್ಡಿ.

ಆಗ ರಸ್ತೆಯಾಚೆಯ ಮರದ ಮರೆಯಿಂದ ಅತ್ತೆಯವರು ಹೊರಬಂದರು. ನೆಟ್ಟಗೆ ನಡೆದು ಬಂದು, ಚೀಲಕ್ಕೆ ಕೈ ಹಾಕಿ, ಮಡಿಸಿಟ್ಟ ಪ್ಯಾಂಟು ತೆಗೆದು ಅಳಿಯನ ಕೈಗೆ ಕೊಟ್ಟರು.

"ಮಗೂನ ನೀವು ಮರೀಬೇಡಿ ಅಳಿಯಂದಿರೇ," ಎಂದರು. "ಉಳಿದದ್ದು ನಾನು ತರ್ತೀನಿ."

ಅಷ್ಟು ಹೊತ್ತಿಗೆ ಗುಡ್ಡದ ಬಸ್ಸು ಮೊದಲ ಸುತ್ತು ಮುಗಿಸಿ ಆ ರಸ್ತೆಗೆ ತಿರುಗಿತು. ಡ್ರೈವರಮ್ಮ ಗೇಟಿನಲ್ಲಿ ಮೇಡಂ ಕೈಯಲ್ಲಿದ್ದ ಕೆಂಪು ಕುಲಾವಿಯನ್ನು ನೋಡಿದಳು, ಪಕ್ಕದಲ್ಲಿ ಪ್ಯಾಂಟು ಹಿಡಿದು ನಿಂತ ಗಂಡನನ್ನು ನೋಡಿದಳು, ಮತ್ತು ಇಡೀ ಬೀದಿ ಬೆಚ್ಚಿಬೀಳುವಂತೆ ಹಾರನ್ ಹೊಡೆದಳು. ನೆನಪಪ್ಪನವರು ಪ್ಯಾಂಟನ್ನು ಬಾವುಟದಂತೆ ಎತ್ತಿ ಬೀಸಿದರು.